ಒಂದೇ ಶರೀರದಲ್ಲಿ ಹಲವು ವ್ಯಾಧಿಗಳು

ನಮ್ಮ ಹಿರಿಯರ ಕಾಲದಲ್ಲಿ ರೋಗವೆಂದರೆ ಹೆಚ್ಚಾಗಿ ಬಂದು ಹೋಗುವಂಥದಾಗಿತ್ತು. ಕಾಲರಾ, ಸಿಡುಬು, ಪ್ಲೇಗು ಇವು ಊರಿಗೆ ಬಂದಾಗ ಕೆಲವರು ಸತ್ತರು, ಕೆಲವರು ಉಳಿದರು. ಉಳಿದವನು ಎದ್ದು ತನ್ನ ಹೊಲಕ್ಕೆ ಹೋದನು. ಈಗಲಾದರೋ ನಮ್ಮ ಮನೆಗಳಿಗೆ ಬರುವ ಅನೇಕ ವ್ಯಾಧಿಗಳು ಬಂದ ಮೇಲೆ ಹೋಗುವದೇ ಇಲ್ಲ. ಸಕ್ಕರೆ ರೋಗ, ರಕ್ತದ ಒತ್ತಡ, ಉಬ್ಬಸ, ಕೀಲುಬೇನೆ, ಹೃದಯದ ಬೇನೆ, ಮನಸ್ಸಿನ ಕುಗ್ಗುವಿಕೆ ಇವು ಶರೀರದಲ್ಲಿ ಒಕ್ಕಲು ಹೂಡಿ ನೆಲೆಸಿಬಿಡುತ್ತವೆ. ಇವುಗಳಿಗೆ ದೀರ್ಘವ್ಯಾಧಿಗಳೆಂದು ಹೆಸರು. ಇವುಗಳಲ್ಲಿ ಒಂದು ಬಂದರೆ ಇನ್ನೊಂದು ಅದರ ಬೆನ್ನು ಹಿಡಿದು ಬರುವದುಂಟು. ಹೀಗೆ ಒಬ್ಬನೇ ಮನುಷ್ಯನಲ್ಲಿ ಎರಡು ಮೂರು ವ್ಯಾಧಿಗಳು ಕೂಡಿಕೊಂಡಾಗ ಅವನಿಗೆ ಎಂಥ ವೈದ್ಯಸಹಾಯವು ಬೇಕು, ಬಡವರು ಅದನ್ನು ಎಲ್ಲಿ ಹೊಂದಬೇಕು ಎಂಬದೇ ಈ ತಿಂಗಳಿನ ನಮ್ಮ ಪಾಠವು.

೧. ಒಬ್ಬ ತಾಯಿಯ ಸಂಗತಿ

ನಮಗೆ ಪರಿಚಯವುಳ್ಳ ಒಬ್ಬ ವಿಧವೆಯ ಸಂಗತಿಯನ್ನು ಮೊದಲು ಹೇಳುತ್ತೇವೆ. ಅವಳ ಹೆಸರೂ ಊರೂ ಇಲ್ಲಿ ಬೇಡ. ಅಂಥವರು ನಮ್ಮ ಊರೂರಿನಲ್ಲಿಯೂ ಇದ್ದಾರೆ. ವಯಸ್ಸು ಐವತ್ತರ ಮೇಲೆ ಒಂದೆರಡು, ದಿನಗೂಲಿಯಿಂದ ಜೀವನ. ಅವಳಿಗೆ ಸಕ್ಕರೆ ರೋಗವಿತ್ತು, ರಕ್ತದ ಒತ್ತಡವಿತ್ತು, ವರ್ಷಗಟ್ಟಲೆ ಕಳೆ ಕಿತ್ತು ಮೊಣಕಾಲುಗಳು ಬಾತುಕೊಂಡಿದ್ದವು, ಒಲೆಯ ಹೊಗೆಯಿಂದ ಎದೆಯಲ್ಲಿ ಉಬ್ಬಸವು ನಿಂತಿತ್ತು. ಸಕ್ಕರೆಗಾಗಿಯೂ ಒತ್ತಡಕ್ಕಾಗಿಯೂ ಅವಳು ತಾಲೂಕು ಪಟ್ಟಣದ ಒಬ್ಬ ವೈದ್ಯರ ಬಳಿಗೆ ಹೋಗುತ್ತಿದ್ದಳು. ಉಬ್ಬಸವು ಹೆಚ್ಚಾದಾಗ ಅಣ್ಣನ ಮಗನು ಅವಳನ್ನು ದೂರದ ಪಟ್ಟಣದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದನು. ಅಲ್ಲಿ ರಕ್ತವನ್ನು ಪರೀಕ್ಷಿಸಿ, ಉಬ್ಬಸದ ಔಷಧದ ಜೊತೆಗೆ ಸಕ್ಕರೆಗೂ ಗುಳಿಗೆಯನ್ನು ಬರೆದುಕೊಟ್ಟರು. ಮೊಣಕಾಲಿನ ನೋವಿಗೆ ಅವಳು ಬಸ್ಸು ನಿಲ್ಲುವ ಸ್ಥಳದ ಬಳಿಯಲ್ಲಿರುವ ಔಷಧದ ಅಂಗಡಿಯಲ್ಲಿ ತಾನೇ ಕೇಳಿ ಗುಳಿಗೆಗಳನ್ನು ಕೊಳ್ಳುತ್ತಿದ್ದಳು.

ಒಂದು ದಿನ ಮುಂಜಾನೆ ಅವಳು ಎಲ್ಲಾ ಗುಳಿಗೆಗಳನ್ನು ಅರ್ಧ ಲೋಟ ಚಹದೊಂದಿಗೆ ನುಂಗಿ, ರೊಟ್ಟಿ ತಿನ್ನುವದಕ್ಕೆ ಹೊತ್ತಿಲ್ಲದೆ ಕೂಲಿಗೆ ಹೊರಟಳು. ಊರ ಬಾವಿಯ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲಾ ಬೆವತು, ಕೈಕಾಲು ನಡುಗಿ, ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಕೂಡಿದ ಜನರಲ್ಲಿ ಕೆಲವರು ಗಾಳಿ ಸೋಕಿತೆಂದರು. ಆದರೆ ನೆರೆಮನೆಯ ಒಬ್ಬ ಹೆಂಗಸು ತನ್ನ ಗಂಡನಿಗೆ ಹೀಗೆಯೇ ಆದದ್ದನ್ನು ಕಂಡವಳಾಗಿದ್ದಳು. ಬಿದ್ದವಳಿಗೆ ಇನ್ನೂ ಎಚ್ಚರವಿರುವದನ್ನು ನೋಡಿ ಆಕೆಯು ಸಕ್ಕರೆ ಕದಡಿದ ನೀರನ್ನು ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅವಳು ಎದ್ದು ಕೂತಳು. ಆ ನೆರೆಯವಳು ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನಾವು ಹೇಳಬೇಕಾದದ್ದಿಲ್ಲ.

ಮರುದಿನ ಮಗಳು ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲಾ ಒಂದು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು, ತಾಯಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ವೈದ್ಯಳು ಚೀಲವನ್ನು ಮೇಜಿನ ಮೇಲೆ ಬರಿದುಮಾಡಿ ಒಂದೊಂದಾಗಿ ಎಣಿಸಿದಳು. ಒಟ್ಟು ಒಂಬತ್ತು ತರದ ಗುಳಿಗೆಗಳಿದ್ದವು.

“ಅವ್ವಾ, ಇವನ್ನೆಲ್ಲಾ ನಿಮಗೆ ಒಬ್ಬರೇ ಬರೆದುಕೊಟ್ಟರೋ?” ಎಂದು ಕೇಳಿದಳು.

“ಇಲ್ಲರೀ ಬಾಯಾರೇ, ಒಂದೊಂದು ಬೇನೆಗೆ ಒಂದೊಂದು ಕಡೆಗೆ ಹೋದೆ. ಸಕ್ಕರೆಯವರು ನನ್ನ ಮೊಣಕಾಲು ನೋಡಲಿಲ್ಲ, ಮೊಣಕಾಲಿನವರು ಸಕ್ಕರೆ ಉಂಟೋ ಎಂದು ಕೇಳಲಿಲ್ಲ” ಎಂದು ಆ ತಾಯಿಯು ಹೇಳಿದಳು.

ನೋಡಲಾಗಿ, ಸಕ್ಕರೆಯ ಎರಡು ಗುಳಿಗೆಗಳಲ್ಲಿ ಒಳಗಿನ ಔಷಧವು ಒಂದೇ ಆಗಿತ್ತು; ಕಂಪೆನಿಯ ಹೆಸರು ಬೇರೆ, ಬಣ್ಣ ಬೇರೆ. ಹೀಗೆ ಅವಳು ಎರಡರಷ್ಟು ಔಷಧವನ್ನು ಬರಿಹೊಟ್ಟೆಯಲ್ಲಿ ನುಂಗುತ್ತಿದ್ದಳು. ನೋವಿನ ಗುಳಿಗೆಗಳೂ ಎರಡು ತರದವುಗಳಿದ್ದು, ಎರಡೂ ರಕ್ತದ ಒತ್ತಡವನ್ನು ಏರಿಸುವಂಥವೂ ಮೂತ್ರಪಿಂಡಗಳನ್ನು ಕೆಡಿಸುವಂಥವೂ ಆಗಿದ್ದವು. ಒತ್ತಡವನ್ನು ಇಳಿಸುವದಕ್ಕೆ ಒಂದು ಗುಳಿಗೆ, ಏರಿಸುವದಕ್ಕೆ ಎರಡು! ಆ ವೈದ್ಯಳು ಒಂಬತ್ತನ್ನು ಐದಕ್ಕೆ ಇಳಿಸಿ, ಮುಂದೆ ಎಲ್ಲಾ ಬೇನೆಗಳಿಗೂ ಮೊದಲು ಇಲ್ಲಿಗೇ ಬರಬೇಕೆಂದು ಹೇಳಿ ಕಳುಹಿಸಿದಳು.

ಇದರಲ್ಲಿ ತಪ್ಪು ಯಾರದು? ತಾಯಿಯು ಹೇಳಿದ ಔಷಧವನ್ನು ತಪ್ಪದೆ ತಕ್ಕೊಂಡಳು. ವೈದ್ಯರು ತಮ್ಮ ಮುಂದೆ ಬಂದ ಬೇನೆಗೆ ತಕ್ಕದ್ದನ್ನೇ ಕೊಟ್ಟರು. ಆದರೆ ಅವಳನ್ನು ಇಡೀ ಮನುಷ್ಯಳಾಗಿ ನೋಡುವವರು ಯಾರೂ ಇರಲಿಲ್ಲ. ವ್ಯಾಧಿಗಳು ಹಲವಾದರೂ ಶರೀರವು ಒಂದೇ. ಆದದರಿಂದ ಅವೆಲ್ಲವುಗಳು ಒಬ್ಬರ ಕಣ್ಣಿನ ಮುಂದೆ ಬರಬೇಕು. ಈ ಪಾಠದಲ್ಲಿ ನಾವು ಕಲಿಯಬೇಕಾದ ಮುಖ್ಯ ಸಂಗತಿಯು ಇದೇ.

೨. ಬಡವರಿಗೆ ಮುಂಚಿತವಾಗಿ ಬರುವದು

ಈ ಕಷ್ಟವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಐಶ್ವರ್ಯವುಳ್ಳದ್ದೆಂದು ನಾವು ಎಣಿಸುವ ಬ್ರಿಟನ್ ದೇಶದಲ್ಲಿಯೂ ಬಡವರ ಕೇರಿಗಳುಂಟು. ಆ ದೇಶದ ಉತ್ತರಭಾಗವಾದ ಸ್ಕಾಟ್ಲೆಂಡಿನಲ್ಲಿ ವಿದ್ವಾಂಸರು ೩೧೪ ವೈದ್ಯಶಾಲೆಗಳ ದಾಖಲೆಗಳನ್ನು ತೆಗೆದುಕೊಂಡು, ಸುಮಾರು ಹದಿನೇಳೂವರೆ ಲಕ್ಷ ಜನರ ವ್ಯಾಧಿಗಳನ್ನು ಲೆಕ್ಕಹಾಕಿ ನೋಡಿದರು. ಅದರ ಫಲವು ೨೦೧೨ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ನೂರು ಜನರಲ್ಲಿ ಸುಮಾರು ೨೩ ಜನರಿಗೆ ಎರಡು ಅಥವಾ ಅದಕ್ಕಿಂತ ಹೆಚ್ಚು ದೀರ್ಘವ್ಯಾಧಿಗಳು ಇದ್ದವು. ಇದು ಮುದುಕರ ಕಷ್ಟವು ಮಾತ್ರ ಎಂದು ತಿಳಿಯಬಾರದು. ಅಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ೬೫ ವರ್ಷಕ್ಕೆ ಒಳಗಿನವರಾಗಿದ್ದರು.

ಎಲ್ಲಕ್ಕಿಂತ ಗಮನಕ್ಕೆ ತರಬೇಕಾದ ಸಂಗತಿ ಬೇರೊಂದುಂಟು. ಅದೇನಂದರೆ, ಹಲವು ವ್ಯಾಧಿಗಳು ಒಟ್ಟುಗೂಡುವದು ಐಶ್ವರ್ಯವಂತರ ಕೇರಿಗಳಿಗಿಂತ ಅತ್ಯಂತ ಬಡವರ ಕೇರಿಗಳಲ್ಲಿ ೧೦ರಿಂದ ೧೫ ವರ್ಷ ಮುಂಚಿತವಾಗಿಯೇ ಕಂಡುಬಂತು. ಐಶ್ವರ್ಯವಂತನು ಅರುವತ್ತೈದರಲ್ಲಿ ಹೊರುವ ಭಾರವನ್ನು ಬಡವನು ಐವತ್ತರಲ್ಲಿಯೇ, ಅಂದರೆ ಮಕ್ಕಳಿಗಾಗಿ ದುಡಿಯಬೇಕಾದ ವಯಸ್ಸಿನಲ್ಲಿಯೇ ಹೊರುತ್ತಾನೆ. ಇದಲ್ಲದೆ ಬಡವರಲ್ಲಿ ದೇಹದ ವ್ಯಾಧಿಯ ಸಂಗಡ ಮನಸ್ಸಿನ ವ್ಯಾಧಿಯೂ ಕೂಡಿರುವದು ಹೆಚ್ಚು.

ಇದಕ್ಕೆ ಕಾರಣಗಳನ್ನು ಹುಡುಕಲಿಕ್ಕೆ ನಾವು ದೂರ ಹೋಗಬೇಕಾದದ್ದಿಲ್ಲ. ಎಳೆಯ ವಯಸ್ಸಿನಿಂದ ಮೈಮುರಿಯುವ ದುಡಿಮೆ, ಕಟ್ಟಿಗೆಯ ಒಲೆಯ ಹೊಗೆ, ಬೀಡಿ ಮತ್ತು ಎಲೆತಂಬಾಕು, ಕಾಳುಪಲ್ಯವಿಲ್ಲದ ಊಟ, ಸಾಲದ ಚಿಂತೆ, ಕೂಲಿ ತಪ್ಪುವ ಭಯದಿಂದ ವೈದ್ಯರ ಬಳಿಗೆ ತಡವಾಗಿ ಹೋಗುವದು, ಇವೆಲ್ಲಾ ಸೇರಿ ಶರೀರವನ್ನು ಬೇಗನೆ ಸವೆಯಿಸುತ್ತವೆ. ಬಡವರ ಹಳೆಯ ವೈರಿಯಾದ ಕ್ಷಯರೋಗವೂ ಇಲ್ಲಿ ಸೇರಿಕೊಳ್ಳುತ್ತದೆ. ಸಕ್ಕರೆ ರೋಗವುಳ್ಳವರಿಗೆ ಕ್ಷಯವು ತಗಲುವ ಅಪಾಯವು ಇತರರಿಗಿಂತ ಎರಡು ಮೂರು ಪಾಲು ಹೆಚ್ಚು.

೩. ಗಣಿಯ ಹಳ್ಳಿಯ ವೈದ್ಯರು

ಹಾಗಾದರೆ ಹೆಚ್ಚು ರೋಗವಿದ್ದಲ್ಲಿ ಹೆಚ್ಚು ವೈದ್ಯಸಹಾಯವು ಇರಬೇಕಲ್ಲವೇ? ಇರುವದು ಇದಕ್ಕೆ ವಿರುದ್ಧವಾಗಿಯೇ. ಇದನ್ನು ೧೯೭೧ರಲ್ಲಿ ಸ್ಪಷ್ಟವಾಗಿ ಬರೆದು ತೋರಿಸಿದವರು ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು. ಒಳ್ಳೇ ವೈದ್ಯಸಹಾಯವು ಅದರ ಅಗತ್ಯವು ಎಲ್ಲಿ ಹೆಚ್ಚೋ ಅಲ್ಲಿ ಕಡಿಮೆಯಾಗಿಯೂ, ಎಲ್ಲಿ ಕಡಿಮೆಯೋ ಅಲ್ಲಿ ಹೆಚ್ಚಾಗಿಯೂ ದೊರೆಯುತ್ತದೆಂದು ಅವರು ಹೇಳಿದರು. ಇದಕ್ಕೆ ವಿಲೋಮ ನಿಯಮವೆಂದು ಹೆಸರಿಡಬಹುದು. ಮಳೆಯು ತುಂಬಿದ ಕೆರೆಯ ಮೇಲೆಯೇ ಸುರಿದು ಒಣಹೊಲವನ್ನು ಬಿಟ್ಟುಹೋದ ಹಾಗೆ ಇದು.

ಈ ವೈದ್ಯರು ಬರೆದು ಸುಮ್ಮನಿದ್ದವರಲ್ಲ. ಅವರು ೧೯೬೧ರಲ್ಲಿ ವೇಲ್ಸ್ ದೇಶದ ಗ್ಲಿನ್‌ಕೊರ್ರುಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಗೆ ಬಂದು, ಕಾಲು ಶತಮಾನದಷ್ಟು ಕಾಲ ಅಲ್ಲಿಯೇ ಕೆಲಸಮಾಡಿದರು. ಹಳ್ಳಿಯಲ್ಲಿ ಸುಮಾರು ಎರಡು ಸಾವಿರ ಜನರು. ರಕ್ತದ ಒತ್ತಡವು ಸದ್ದಿಲ್ಲದೆ ಕೊಲ್ಲುವಂಥದೆಂದೂ, ನೋವಿಲ್ಲದವನು ತಾನಾಗಿ ಅದರ ಸಲುವಾಗಿ ಬರುವದಿಲ್ಲವೆಂದೂ ಅವರು ಬಲ್ಲವರಾಗಿದ್ದರು. ಆದಕಾರಣ ಕೆಮ್ಮಿಗೆ ಬಂದವನಾಗಲಿ, ಗಾಯಕ್ಕೆ ಬಂದವನಾಗಲಿ, ಪ್ರತಿಯೊಬ್ಬನ ಒತ್ತಡವನ್ನು ಅಳೆದು ಬರೆದಿಟ್ಟರು. ಬಾರದೆ ಉಳಿದವರನ್ನು ಹುಡುಕಿಸಿದರು. ಹೀಗೆ ಆ ಹಳ್ಳಿಯ ದೊಡ್ಡವರೆಲ್ಲರ ಲೆಕ್ಕವೂ ಅವರ ಕೈಯಲ್ಲಿ ಇತ್ತು. ಯಾರಿಗೆ ಯಾವ ವ್ಯಾಧಿ, ಯಾರು ಹೊಗೆ ಸೇದುವರು, ಯಾರ ಮನೆಯಲ್ಲಿ ಕೆಲಸವಿಲ್ಲ ಎಂಬದನ್ನೆಲ್ಲಾ ತಿಳಿದು, ವರ್ಷ ವರ್ಷವೂ ಅದೇ ಜನರನ್ನು ಅದೇ ವೈದ್ಯರು ನೋಡಿದರು.

ಫಲವೇನಾಯಿತು? ಇಪ್ಪತ್ತೈದು ವರ್ಷಗಳ ಲೆಕ್ಕವು ೧೯೯೧ರಲ್ಲಿ ಪ್ರಕಟವಾಯಿತು. ಒತ್ತಡದ ರೋಗಿಗಳಲ್ಲಿ ಹೊಗೆ ಸೇದುವವರು ನೂರಕ್ಕೆ ೫೬ ಇದ್ದವರು ೨೦ಕ್ಕೆ ಇಳಿದಿದ್ದರು. ೬೫ ವರ್ಷಕ್ಕೆ ಮುಂಚೆ ಸಾಯುವವರ ಪ್ರಮಾಣವು, ಅದೇ ತರದ ಬಡತನವುಳ್ಳ ನೆರೆಯ ಹಳ್ಳಿಗಿಂತ ಕಾಲುಭಾಗಕ್ಕಿಂತ ಹೆಚ್ಚಾಗಿ ಕಡಿಮೆ ಇತ್ತು. ಅಲ್ಲಿ ಹೊಸದಾದ ಯಾವ ದಿವ್ಯೌಷಧವೂ ಇರಲಿಲ್ಲ. ಒಬ್ಬರು ಎಲ್ಲರನ್ನೂ ಬಲ್ಲವರಾಗಿ, ಎಲ್ಲವನ್ನೂ ಬರೆದಿಟ್ಟು, ಕೈಬಿಡದೆ ನೋಡಿಕೊಂಡದ್ದೇ ಅದರ ಗುಟ್ಟಾಗಿತ್ತು.

೪. ಹೊತ್ತು ಕೊಡುವದೂ ಔಷಧವೇ

ಆ ಹಳ್ಳಿಯಲ್ಲಿ ಇವರ ಸಂಗಡ ಕೆಲಸಮಾಡಿದ್ದ ಗ್ರೇಹಮ್ ವಾಟ್ ಎಂಬ ವೈದ್ಯರು ಮುಂದೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಬ್ರಿಟನಿನಲ್ಲಿ ೧೯೪೮ರಿಂದ ವೈದ್ಯರ ಬಳಿಗೆ ಹೋದರೆ ಹಣ ಕೊಡಬೇಕಾದದ್ದಿಲ್ಲ. ಆದರೂ ವಿಲೋಮ ನಿಯಮವು ಅಲ್ಲಿಯೂ ನಡೆಯಿತು. ಹೇಗಂದರೆ, ಬಡವರ ಕೇರಿಯ ವೈದ್ಯರ ಬಳಿಗೆ ಒಬ್ಬೊಬ್ಬ ರೋಗಿಯು ಹೆಚ್ಚು ಬೇನೆಗಳನ್ನು ಹೊತ್ತುಕೊಂಡು ಬರುತ್ತಿದ್ದನು, ಅವನಿಗೆ ಸಿಕ್ಕುವ ಹೊತ್ತು ಮಾತ್ರ ಕಡಿಮೆಯಾಗಿತ್ತು. ಇದನ್ನು ೨೦೦೭ರ ಒಂದು ಶೋಧನೆಯು ತೋರಿಸಿತು. ತರುವಾಯ ೨೦೦೯ರಲ್ಲಿ ಸ್ಕಾಟ್ಲೆಂಡಿನ ಅತ್ಯಂತ ಬಡವರ ನಡುವೆ ಇರುವ ೧೦೦ ವೈದ್ಯಶಾಲೆಗಳು ವಾಟ್ ಅವರ ನಾಯಕತ್ವದಲ್ಲಿ ಒಂದಾದವು. ಈಜುವ ಕೊಳದ ಆಳವಾದ ಕಡೆಯಲ್ಲಿ ಇರುವವರೆಂಬ ಅರ್ಥದ ಹೆಸರನ್ನು ಅವು ಇಟ್ಟುಕೊಂಡವು.

ಈ ವೈದ್ಯಶಾಲೆಗಳಲ್ಲಿ ಎಂಟರಲ್ಲಿ ಒಂದು ಚಿಕ್ಕ ಪರೀಕ್ಷೆಯನ್ನು ನಡಿಸಿ ಅದರ ಫಲವನ್ನು ೨೦೧೬ರಲ್ಲಿ ಪ್ರಕಟಿಸಿದರು. ಹಲವು ವ್ಯಾಧಿಗಳುಳ್ಳ ೧೫೨ ಜನರು ಅದರಲ್ಲಿ ಸೇರಿದ್ದರು. ನಾಲ್ಕು ವೈದ್ಯಶಾಲೆಗಳ ರೋಗಿಗಳಿಗೆ ಅವರನ್ನು ಬಲ್ಲ ವೈದ್ಯರೇ ಅರ್ಧಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟು, ಮೊದಲು ನಿನಗೆ ಯಾವದು ಹೆಚ್ಚು ಕಷ್ಟವೆಂದು ಕೇಳಿ, ಮುಂದಿನ ಉಪಾಯವನ್ನು ಅವರೊಂದಿಗೇ ಕೂಡಿ ಮಾಡಿದರು. ವರ್ಷವಾದ ಮೇಲೆ ಇವರ ಮನಸ್ಸಿನ ವ್ಯಾಕುಲವು ಉಳಿದವರಿಗಿಂತ ಕಡಿಮೆಯಾಗಿತ್ತು; ಇದಕ್ಕಾದ ವೆಚ್ಚವೂ ಹೆಚ್ಚಿನದಾಗಿರಲಿಲ್ಲ. ಹಲವು ವ್ಯಾಧಿಗಳನ್ನು ಪೂರಾ ತೆಗೆದುಹಾಕುವದಕ್ಕೆ ಆಗಲಾರದು. ಆದರೆ ಅವುಗಳ ಕೂಡ ಬಾಳುವದಕ್ಕೆ ಬಲಕೊಡುವದು ಸಾಧ್ಯವೆಂದು ಇದರಿಂದ ಕಲಿಯುತ್ತೇವೆ.

೫. ನಮ್ಮ ಊರುಗಳಲ್ಲಿ ಇರುವದೇನು

ಈಗ ನಮ್ಮ ದೇಶದ ಕಡೆಗೆ ತಿರುಗಿಕೊಳ್ಳೋಣ. ಭಾರತದ ಎಲ್ಲಾ ಪ್ರಾಂತಗಳಲ್ಲಿ ನಡಿಸಿದ ದೊಡ್ಡ ಪರೀಕ್ಷೆಯೊಂದರ ಫಲವು ೨೦೨೩ರಲ್ಲಿ ಹೊರಟಿತು. ಅದರ ಪ್ರಕಾರ ಪ್ರಾಯದವರಲ್ಲಿ ನೂರಕ್ಕೆ ಸುಮಾರು ೩೫ ಜನರಿಗೆ ರಕ್ತದ ಒತ್ತಡವೂ, ಸುಮಾರು ೧೧ ಜನರಿಗೆ ಸಕ್ಕರೆ ರೋಗವೂ ಇದ್ದವು. ಆದದರಿಂದ ಇವು ಪಟ್ಟಣದ ಧನವಂತರ ವ್ಯಾಧಿಗಳೆಂದು ಇನ್ನು ಮುಂದೆ ಯಾರೂ ಹೇಳಬಾರದು.

ವಿಲೋಮ ನಿಯಮವು ನಮ್ಮಲ್ಲಿ ಬಲವಾಗಿಯೇ ಇದೆ. ಪಟ್ಟಣದಲ್ಲಿ ಹೃದಯಕ್ಕೆ ಒಬ್ಬ ವೈದ್ಯ, ಮೂತ್ರಪಿಂಡಕ್ಕೆ ಒಬ್ಬ, ಕೀಲಿಗೆ ಒಬ್ಬ. ಹಳ್ಳಿಯ ಕೂಲಿಯವನು ಮೂವರ ಬಳಿಗೂ ಹೋಗಬೇಕಾದರೆ ಮೂರು ದಿನದ ಕೂಲಿಯೂ ಬಸ್ಸಿನ ದುಡ್ಡೂ ಹೋಗುವವು. ಆದರೂ ನಮ್ಮ ಬಾಗಲಿನ ಹತ್ತಿರ ಇರುವ ಸಹಾಯವನ್ನು ನಾವು ಅಲ್ಪವಾಗಿ ಎಣಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ನಮಗೆ ಹೊಸವಲ್ಲ. ೨೦೦೫ರಿಂದ ಆಶಾ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಕೆಲಸ ಮಾಡಲಾರಂಭಿಸಿದರು. ೨೦೧೮ರಿಂದ ಅನೇಕ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳನ್ನು ಇಟ್ಟು, ಒತ್ತಡ ಮತ್ತು ಸಕ್ಕರೆಯನ್ನು ಅಲ್ಲಿಯೇ ಪರೀಕ್ಷಿಸುವ ಏರ್ಪಾಡಾಯಿತು. ಇವುಗಳಿಗೆ ೨೦೨೩ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಹೆಸರಾಯಿತು. ಕರ್ನಾಟಕ ಸರಕಾರವು ೨೦೨೪ರಲ್ಲಿ ಗೃಹ ಆರೋಗ್ಯವೆಂಬ ಯೋಜನೆಯನ್ನು ಆರಂಭಿಸಿತು. ಇದರಲ್ಲಿ ಆರೋಗ್ಯದ ಸೇವಕರು ಮನೆಮನೆಗೆ ಹೋಗಿ ೩೦ ವರ್ಷ ತುಂಬಿದವರನ್ನು ಪರೀಕ್ಷಿಸುವ ಏರ್ಪಾಡುಂಟು.

ಕೆಲವು ಕಡೆಗಳಲ್ಲಿ ಔಷಧವು ಮುಗಿದಿರುವದೂ, ವೈದ್ಯರು ಇಲ್ಲದಿರುವದೂ ಉಂಟೆಂಬದನ್ನು ನಾವು ಬಲ್ಲೆವು. ಅಂಥಲ್ಲಿ ಗೊಣಗಿ ಹಿಂದಿರುಗದೆ, ಊರವರು ಕೂಡಿ ಗ್ರಾಮ ಪಂಚಾಯತಿಗೂ ತಾಲೂಕಿನ ಆರೋಗ್ಯಾಧಿಕಾರಿಗೂ ಬರೆದು ಕೇಳಬೇಕು. ಉಪಯೋಗಿಸದೆ ಬಿಟ್ಟ ಬಾವಿಯು ಹೂಳು ತುಂಬುವ ಹಾಗೆ, ಜನರು ಹೋಗದ ಕೇಂದ್ರವೂ ಕೆಡುವದು.

೬. ಮನೆಯವರು ಮಾಡತಕ್ಕದ್ದು

ಮೇಲೆ ಹೇಳಿದ್ದನ್ನು ನಡೆಗೆ ತರುವದಕ್ಕಾಗಿ ಈ ಕೆಳಗಿನ ಮಾತುಗಳನ್ನು ಪ್ರತಿಯೊಂದು ಮನೆಯಲ್ಲಿ ನೆನಪಿಡಬೇಕು.

ಮೊದಲನೆಯದು, ಒಂದು ಸ್ಥಳ. ಹಲವು ವ್ಯಾಧಿಗಳುಳ್ಳವರು ಹತ್ತಿರದ ಒಂದು ವೈದ್ಯಶಾಲೆಯನ್ನು ತಮ್ಮದಾಗಿ ಆರಿಸಿಕೊಳ್ಳಬೇಕು. ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ, ಅಲ್ಲಿಂದ ತಂದ ಚೀಟಿಯನ್ನು ಹಿಂದಿರುಗಿ ಬಂದು ಇಲ್ಲಿ ತೋರಿಸಬೇಕು.

ಎರಡನೆಯದು, ಒಂದು ಚೀಲ. ತಕ್ಕೊಳ್ಳುವ ಎಲ್ಲಾ ಗುಳಿಗೆ, ಔಷಧ, ನಾಟಿಮದ್ದು, ಚೂರ್ಣ ಇವುಗಳನ್ನು ಒಂದೇ ಚೀಲದಲ್ಲಿ ಇಟ್ಟು, ವೈದ್ಯರ ಬಳಿಗೆ ಹೋಗುವಾಗಲೆಲ್ಲಾ ಒಯ್ಯಬೇಕು. ಓದು ಬಾರದವರಿಗೂ ಇದು ಸಾಧ್ಯ.

ಮೂರನೆಯದು, ಒಂದು ಪುಸ್ತಕ. ದಿನಾಂಕ, ಒತ್ತಡ, ಸಕ್ಕರೆ, ತೂಕ ಇವುಗಳನ್ನು ಶಾಲೆಗೆ ಹೋಗುವ ಮಗುವಿನ ಕೈಯಿಂದಾದರೂ ಬರೆಯಿಸಿ ಇಡಬೇಕು. ಹೆಚ್ಚು ಜನರಲ್ಲಿ ಒತ್ತಡವು ೧೪೦ಕ್ಕೂ ೯೦ಕ್ಕೂ ಕೆಳಗಿರಬೇಕು. ನಿಮಗೆ ಎಷ್ಟಿರಬೇಕೆಂದು ನಿಮ್ಮ ವೈದ್ಯರನ್ನೇ ಕೇಳಬೇಕು.

ನಾಲ್ಕನೆಯದು, ಸಕ್ಕರೆಯ ಗುಳಿಗೆಯನ್ನು ವೈದ್ಯರು ಹೇಳಿದ ಹೊತ್ತಿನಲ್ಲಿ ಊಟದೊಂದಿಗೆ ತಕ್ಕೊಳ್ಳಬೇಕು, ತಕ್ಕೊಂಡು ಉಪವಾಸವಿರಬಾರದು. ಬೆವರು, ನಡುಕ, ವಿಪರೀತ ಹಸಿವು, ತಲೆ ತಿರುಗುವದು ಇವು ಸಕ್ಕರೆಯು ಬಹಳ ಇಳಿದದ್ದರ ಗುರುತುಗಳು. ಎಚ್ಚರವಿದ್ದರೆ ಕೂಡಲೆ ಸಕ್ಕರೆಯನ್ನಾಗಲಿ ಬೆಲ್ಲವನ್ನಾಗಲಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ೧೦೮ರ ವಾಹನವನ್ನು ಕರೆಯಬೇಕು.

ಐದನೆಯದು, ಅಂಗಡಿಯಲ್ಲಿ ಕೇಳಿ ನೋವಿನ ಗುಳಿಗೆಗಳನ್ನು ತಂದು ದಿನದಿನವೂ ನುಂಗಬಾರದು. ಒಡನೆ ಗುಣ ಕಾಣಿಸುವ ಸೂಜಿಮದ್ದಿನಲ್ಲಿ ಏನಿದೆಯೆಂದು ಕೇಳದೆ ಹಾಕಿಸಿಕೊಳ್ಳಬಾರದು. ಸ್ಟೆರಾಯ್ಡ್ ಎಂಬ ಔಷಧವು ಸಕ್ಕರೆಯನ್ನು ಬಹಳವಾಗಿ ಏರಿಸುವದು.

ಆರನೆಯದು, ಮೈ ಹಗುರಾಯಿತೆಂದು ಔಷಧವನ್ನು ಬಿಡಬಾರದು. ಹಗುರಾದದ್ದು ಔಷಧದಿಂದಲೇ. ಗುಳಿಗೆಗಳು ಬಹಳವಾದವೆಂದು ತೋರಿದರೆ ನೀವಾಗಿ ಒಂದನ್ನು ತೆಗೆದುಹಾಕದೆ, ಯಾವದನ್ನು ಬಿಡಬಹುದೆಂದು ವೈದ್ಯರನ್ನು ಕೇಳಬೇಕು. ಹಾಗೆ ಕೇಳುವದು ಅವಮರ್ಯಾದೆಯಲ್ಲ.

ಏಳನೆಯದು, ಮನಸ್ಸಿನ ದುಃಖವನ್ನೂ ನಿದ್ರೆ ಬಾರದಿರುವದನ್ನೂ ವೈದ್ಯರಿಗೆ ಹೇಳಬೇಕು. ಬೀಡಿ, ತಂಬಾಕು, ಹೆಂಡ ಇವುಗಳನ್ನೂ ಬಚ್ಚಿಡಬಾರದು. ಅರ್ಧವನ್ನು ಮಾತ್ರ ತಿಳಿದ ವೈದ್ಯರು ಅರ್ಧ ಸಹಾಯವನ್ನು ಮಾತ್ರ ಮಾಡಬಲ್ಲರು.

ಎದೆನೋವು, ತಟ್ಟನೆ ಉಸಿರು ಕಟ್ಟುವದು, ಒಂದು ಕಡೆಯ ಕೈಕಾಲು ಬೀಳುವದು, ಬಾಯಿ ಸೊಟ್ಟಗಾಗುವದು, ಮಾತು ತೊದಲುವದು ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಕೂಡಲೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

೭. ನೆರೆಯವರ ಪಾಲು

ಹಲವು ವ್ಯಾಧಿಗಳುಳ್ಳವರಿಗೆ ವ್ಯಾಧಿಗಿಂತ ಭಾರವಾದದ್ದು ಒಂಟಿತನವು. ಯಾವಾಗಲೂ ಬೇನೆ ಎನ್ನುವವಳ ಮಾತನ್ನು ಕೇಳಲಿಕ್ಕೆ ಸೊಸೆಗೂ ಬೇಸರ, ಮಗನಿಗೂ ಬೇಸರ. ಆದಕಾರಣ ನಮ್ಮ ಸಭೆಗಳಲ್ಲಿ ಹಿರಿಯರೂ ಸ್ತ್ರೀಯರ ಕೂಟದವರೂ ಅಂಥವರ ಮನೆಗಳನ್ನು ಗುರುತಿಸಿ, ತಿಂಗಳಿಗೊಮ್ಮೆ ಅವರ ಸಂಗಡ ಆರೋಗ್ಯ ಕೇಂದ್ರಕ್ಕೆ ಹೋಗುವದಕ್ಕೆ ಒಬ್ಬರನ್ನು ಗೊತ್ತುಮಾಡಬೇಕೆಂದು ನಾವು ಬೇಡಿಕೊಳ್ಳುತ್ತೇವೆ. ಜೊತೆಗೆ ಹೋದವರು ವೈದ್ಯರು ಹೇಳಿದ್ದನ್ನು ಕೇಳಿ, ಮನೆಗೆ ಬಂದು ನೆನಪುಮಾಡಿ ಕೊಡಲಿ. ಬಸ್ಸಿನ ದುಡ್ಡಿಲ್ಲದವರಿಗೆ ಎಲ್ಲರೂ ಸ್ವಲ್ಪ ಸ್ವಲ್ಪ ಕೂಡಿಸಿ ಕೊಡಲಿ. ಹೀಗೆ ಮಾಡುವವರ ಜಾತಿ ಕುಲಗಳನ್ನು ನೋಡದೆ ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಕೂಡಿ ಕೆಲಸಮಾಡಲಿ.

ನಾವು ಮೊದಲು ಹೇಳಿದ ಆ ತಾಯಿಯು ಇಂದಿಗೂ ಸಕ್ಕರೆ ರೋಗವುಳ್ಳವಳೇ; ಮೊಣಕಾಲುಗಳು ಈಗಲೂ ನೋಯುತ್ತವೆ. ಆದರೆ ಬಾವಿಯ ಬಳಿಯಲ್ಲಿ ಆದಂಥದು ಮತ್ತೆ ಆಗಲಿಲ್ಲ. ತಿಂಗಳಿಗೊಂದು ಸಾರಿ ಮಗಳು ಬರಲಾರದಿದ್ದರೆ, ಅಂದು ಸಕ್ಕರೆ ನೀರು ಕುಡಿಸಿದ ಆ ನೆರೆಯವಳೇ ಚೀಲವನ್ನು ಹಿಡಿದುಕೊಂಡು ಅವಳ ಜೊತೆಗೆ ಹೋಗುತ್ತಾಳೆ. ದಾರಿಯಲ್ಲಿ ಇಬ್ಬರಿಗೂ ಮಾತಾಡಲಿಕ್ಕೆ ಬೇಕಾದಷ್ಟು ಇರುತ್ತದೆ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ದೀರ್ಘವ್ಯಾಧಿ ಎಂದರೇನು? ನಮ್ಮ ಊರಿನಲ್ಲಿ ಎರಡು ಮೂರು ದೀರ್ಘವ್ಯಾಧಿಗಳುಳ್ಳವರು ಎಷ್ಟು ಮಂದಿ ಇರಬಹುದು?

೨. ಬಾವಿಯ ಬಳಿಯಲ್ಲಿ ಬಿದ್ದ ತಾಯಿಗೆ ಅಪಾಯವು ಹೇಗೆ ಬಂತು? ಚೀಲವನ್ನು ಬರಿದುಮಾಡಿದಾಗ ಏನು ತಿಳಿದುಬಂತು?

೩. ವಿಲೋಮ ನಿಯಮವನ್ನು ನಿಮ್ಮ ಮಾತಿನಲ್ಲಿ ಹೇಳಿರಿ. ಅದು ನಮ್ಮ ತಾಲೂಕಿನಲ್ಲಿ ಹೇಗೆ ಕಂಡುಬರುತ್ತದೆ?

೪. ಗ್ಲಿನ್‌ಕೊರ್ರುಗ್ ಹಳ್ಳಿಯ ವೈದ್ಯರು ಮಾಡಿದ್ದರಲ್ಲಿ ನಮ್ಮ ಊರಿನಲ್ಲಿಯೂ ಮಾಡಬಹುದಾದದ್ದು ಯಾವದು?

೫. ಮುಂದಿನ ತಿಂಗಳೊಳಗೆ ನೀವು ಯಾರ ಸಂಗಡ ಆರೋಗ್ಯ ಕೇಂದ್ರಕ್ಕೆ ಹೋಗಲು ಸಿದ್ಧರಾಗಿದ್ದೀರಿ?